ಚಾಳೀಸು ಬಂದ ಕಣ್ಣಿಗೆ ಪೀಪ್ ಸೈಟ್: ಕೇಪಿನ ರೈಫಲ್‌ಗೆ ಕೂರಿಸುವ ಕೆಲಸ

ಬಾಯಿಯಿಂದ ಮದ್ದು ತುಂಬುವ ರೈಫಲ್ ಹಿಡಿದವರ ಕಣ್ಣು ಒಂದೇ ಹೊತ್ತಿಗೆ ಮೂರು ದೂರಗಳನ್ನು ನಿಭಾಯಿಸಬೇಕು: ಹಿಂದಿನ ಸೈಟಿನ ಸೀಳು, ನಳಿಗೆ ತುದಿಯ ಮಣಿ, ಅದರಾಚೆಯ ಗುರಿಹಲಗೆ. ಇಪ್ಪತ್ತರ ಕಣ್ಣು ಈ ಮೂರರ ನಡುವೆ ಸರಸರನೆ ಓಡಾಡುತ್ತದೆ. ನಲವತ್ತೈದು ದಾಟಿತೆಂದರೆ ಕಣ್ಣಿನ ಮಸೂರ ಬಿಗಿಯಾಗುತ್ತಾ ಹೋಗಿ, ಅರವತ್ತರ ಹೊತ್ತಿಗೆ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ, ಕನ್ನಡಕದ ನಂಬರಿನ ಅಳತೆಯಲ್ಲಿ, ಸುಮಾರು 1 ಡಯಾಪ್ಟರ್‌ಗೆ ಇಳಿದಿರುತ್ತದೆ. ಮೊದಲು ಕೈಬಿಡುವುದು ಹಿಂದಿನ ಸೀಳು. ಅದರ ಅಂಚು ಕರಗಿ, ಮಣಿ ಸೀಳಿನ ನಡುವೆ ಇದೆಯೋ ಒಂದು ಪಕ್ಕಕ್ಕೆ ವಾಲಿದೆಯೋ ಹೇಳಲು ಆಗದಂತಾಗುತ್ತದೆ. ರೈಫಲ್ ಚೆನ್ನಾಗಿದೆ, ಮದ್ದು ಸರಿಯಿದೆ, ಕೈ ನಡುಗುತ್ತಿಲ್ಲ, ಆದರೂ ಗುಂಡುಗಳು ಅಂಗೈ ಅಗಲಕ್ಕೆ ಚದುರುತ್ತವೆ.

ಇದಕ್ಕೆ ಪೀಪ್ ಸೈಟ್, ಅಂದರೆ ಸೀಳಿನ ಬದಲು ಚಿಕ್ಕ ತೂತಿನ ಮೂಲಕ ನೋಡುವ ಹಿಂದಿನ ಸೈಟ್, ನಿಜವಾದ ಪರಿಹಾರ. ಆದರೆ ಕೂರಿಸುವುದರಲ್ಲಿ ಅವಸರ ಸಲ್ಲದು. ಪೀಪ್ ಕೂರುವುದು ಟ್ಯಾಂಗಿನ ಮೇಲೆ, ಅಂದರೆ ನಳಿಗೆಯ ಬುಡದಿಂದ ಹಿಂದಕ್ಕೆ ಮರದ ಮೇಲೆ ಚಾಚಿರುವ ಲೋಹದ ಪಟ್ಟಿಯ ಮೇಲೆ. ಕೆಟ್ಟುಹೋದ ಟ್ಯಾಂಗುಗಳಲ್ಲಿ ಬಹುಪಾಲು ಅಳತೆಗೆ ಮೊದಲೇ ಡ್ರಿಲ್ ಹಿಡಿದದ್ದರ ಫಲ. ಕಣ್ಣಿಗೂ ತೂತಿಗೂ ಎಷ್ಟು ದೂರ, ತೂತು ಎಷ್ಟು ಎತ್ತರ, ಮುಂದಿನ ಸೈಟ್ ಎಷ್ಟು ಎತ್ತರ, ಈ ಮೂರು ಕಾಗದದ ಮೇಲೆ ಬಂದ ನಂತರವೇ ಲೋಹ ಮುಟ್ಟಬೇಕು.

ಇಲ್ಲಿ ಹೇಳುತ್ತಿರುವ ಕೆಲಸ ನಡೆದದ್ದು 0.50 ಅಂಗುಲ ಬೋರಿನ, ನಳಿಗೆಯ ಅರ್ಧದವರೆಗೆ ಮಾತ್ರ ಮರವಿರುವ ಕೇಪಿನ ರೈಫಲ್ ಮೇಲೆ: ಇದರಲ್ಲಿ ಕುದುರೆ, ಅಂದರೆ ಪುಟ್ಟ ಸುತ್ತಿಗೆ, ಕೇಪು ಎಂಬ ಸಿಡಿಯುವ ಟೊಪ್ಪಿಗೆಗೆ ಬಡಿದು ಮದ್ದು ಹೊತ್ತಿಸುತ್ತದೆ. ಎಂಟು ಮೂಲೆಯ ನಳಿಗೆ, ಅಗಲ 15/16 ಅಂಗುಲ, ಅಂದರೆ 23.8 ಮಿ.ಮೀ.; ಉದ್ದ 28 ಅಂಗುಲ, ಅಂದರೆ 711 ಮಿ.ಮೀ. ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಬುಡದಲ್ಲಿ ನಳಿಗೆಯನ್ನು ಟ್ಯಾಂಗಿಗೆ ಸಿಕ್ಕಿಸುವ ಹುಕ್ ಇದೆ: ನಳಿಗೆಯನ್ನು ಮರಕ್ಕೆ ಬಿಗಿಯುವ ಬೆಣೆ ಕಿತ್ತರೆ ನಳಿಗೆ ಮೇಲೆದ್ದು ಬರುತ್ತದೆ, ಟ್ಯಾಂಗ್ ಮರದಲ್ಲೇ ಉಳಿಯುತ್ತದೆ. ಈ ಹುಕ್ ಬಗ್ಗೆ ಮುಂದೆ ವಿವರವಾಗಿ ಬರೆದಿದೆ. ಪೀಪ್ ಕೂರಿಸುವವರು ಹೆಚ್ಚಾಗಿ ಮರೆಯುವುದು ಅದನ್ನೇ.

ತೂತು ಏನು ಮಾಡುತ್ತದೆ

ಮಸುಕಿನ ಲೆಕ್ಕ ಸರಳ. ಕಣ್ಣಿನ ಪಾಪೆಯ ವ್ಯಾಸವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು ಫೋಕಸಿನ ಕೊರತೆಯ ಡಯಾಪ್ಟರ್‌ನಿಂದ ಗುಣಿಸಿದರೆ ಮಸುಕಿನ ಅಗಲ ಮಿಲಿರೇಡಿಯನ್‌ನಲ್ಲಿ ಸಿಗುತ್ತದೆ. ಒಂದು ಮಿಲಿರೇಡಿಯನ್ ಎಂದರೆ 50 ಮೀಟರ್‌ನಲ್ಲಿ 50 ಮಿ.ಮೀ. ಈ ರೈಫಲ್‌ನಲ್ಲಿ ಹಳೆಯ ಸೀಳು ಕಣ್ಣಿನಿಂದ 430 ಮಿ.ಮೀ. ದೂರದಲ್ಲಿತ್ತು. ಅದನ್ನು ಚೊಕ್ಕವಾಗಿ ನೋಡಲು 2.3 ಡಯಾಪ್ಟರ್ ಬೇಕು. ಕಣ್ಣು ದೂರಕ್ಕೇ ನೆಟ್ಟಿದ್ದು, ಮೋಡದ ಹಗಲಲ್ಲಿ ಪಾಪೆ 3 ಮಿ.ಮೀ. ತೆರೆದಿದ್ದರೆ ಮಸುಕು 7 ಮಿಲಿರೇಡಿಯನ್. ಸೀಳಿನ ಅಗಲವೋ 1.5 ಮಿ.ಮೀ., ಆ ದೂರದಿಂದ ನೋಡಿದರೆ 3.5 ಮಿಲಿರೇಡಿಯನ್. ಸೀಳಿಗಿಂತ ಸೀಳಿನ ಮಸುಕು ಎರಡು ಪಟ್ಟು ಅಗಲ. ಇಂಥದ್ದರಲ್ಲಿ ಮಣಿಯನ್ನು ನಡುವಿಗೆ ತನ್ನಿ ಎಂದರೆ ಹೇಗೆ ತರುವುದು?

ಪೀಪ್ ಎರಡು ಉಪಕಾರ ಮಾಡುತ್ತದೆ. ಹಿಂದಿನ ಸೈಟನ್ನು ನೋಡುವ ಕೆಲಸವನ್ನೇ ತಪ್ಪಿಸುತ್ತದೆ. ತೂತಿನ ಮೂಲಕ ನೋಡಿದರೆ ಸಾಕು, ಕಣ್ಣು ತಾನಾಗಿ ಬೆಳಕು ಹೆಚ್ಚಿರುವ ನಡುವನ್ನು ಹುಡುಕಿಕೊಳ್ಳುತ್ತದೆ. ಎರಡನೆಯದಾಗಿ, ತೂತು ಪಾಪೆಗಿಂತ ಚಿಕ್ಕದಾಗಿದ್ದರೆ ಮೇಲಿನ ಲೆಕ್ಕದಲ್ಲಿ ಪಾಪೆಯ ಜಾಗಕ್ಕೆ ತೂತಿನ ವ್ಯಾಸ ಬಂದು ಕೂರುತ್ತದೆ. ಮುಂದಿನ ಮಣಿ ಕಣ್ಣಿನಿಂದ 920 ಮಿ.ಮೀ., ಬೇಕಾದದ್ದು 1.1 ಡಯಾಪ್ಟರ್. ಬರಿಗಣ್ಣಿಗೆ ಮಣಿಯ ಮಸುಕು 3.3 ಮಿಲಿರೇಡಿಯನ್, 1.3 ಮಿ.ಮೀ. ತೂತಿನ ಹಿಂದೆ 1.4.

ಹಾಗಾದರೆ ತೂತು ಚಿಕ್ಕದಾದಷ್ಟೂ ಒಳ್ಳೆಯದೇ? ಅಲ್ಲ. ಬೆಳಕು ವ್ಯಾಸದ ವರ್ಗಕ್ಕೆ ತಕ್ಕಂತೆ ಬರುತ್ತದೆ. 1.5 ಇಂದ 1.0 ಮಿ.ಮೀ.ಗೆ ಇಳಿದರೆ ಅರ್ಧಕ್ಕಿಂತ ಕಡಿಮೆ ಬೆಳಕು ಉಳಿಯುತ್ತದೆ. 0.8ಕ್ಕಿಂತ ಕೆಳಗೆ ಹೋದರೆ ಬೆಳಕು ತೂತಿನ ಅಂಚಿನಲ್ಲಿ ಚದುರಿ ತನ್ನದೇ ಇನ್ನೊಂದು ಮಸುಕು ಹುಟ್ಟಿಸುತ್ತದೆ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು, ಕಡಿಮೆ ಅಲ್ಲ. ಬಿಸಿಲಿಗೆ 1.1, ಸಾಮಾನ್ಯ ಹಗಲಿಗೆ 1.3, ಮೋಡಕ್ಕೆ 1.6, ಸಂಜೆಗೆ 2.0 ಮಿ.ಮೀ.: ಈ ನಾಲ್ಕು ತೂತಿನ, ಪೀಪಿಗೆ ಹಾಕಿ ತೆಗೆಯುವ ಬಿಲ್ಲೆಗಳಿದ್ದರೆ ವರ್ಷವಿಡೀ ಸಾಗುತ್ತದೆ.

ರೈಫಲ್ ಮುಟ್ಟದೆ ಮಾಡಬೇಕಾದ ಪರೀಕ್ಷೆ

ಕಪ್ಪು ಇನ್ಸುಲೇಷನ್ ಟೇಪಿನ 10 ಮಿ.ಮೀ. ಚೌಕ ಕತ್ತರಿಸಿ, ನಡುವೆ ಕಾಯಿಸಿದ ಸೂಜಿಯಿಂದ 1.2 ಮಿ.ಮೀ.ನ ದುಂಡು ತೂತು ಮಾಡಿ. ಖಾಲಿ ರೈಫಲ್ ಹೆಗಲಿಗೆ ಕೊಟ್ಟು, ಗುರಿ ಹಿಡಿದಾಗ ಕನ್ನಡಕದ ಯಾವ ಜಾಗದಿಂದ ನೋಟ ಹಾಯುತ್ತದೋ ಅಲ್ಲಿ ಅಂಟಿಸಿ. ಮಣಿ, ಗುರಿಹಲಗೆ ಎರಡೂ ಚುರುಕಾದರೆ ಪೀಪ್ ಸೈಟ್ ನಿಮಗೆ ಕೆಲಸ ಮಾಡುತ್ತದೆ. ತೂತಿನ ಮೂಲಕವೂ ಮಂಜು ಮಂಜಾಗಿಯೇ ಕಂಡರೆ ತೊಂದರೆ ಫೋಕಸಿನದಲ್ಲ. ಪೊರೆ ಅಥವಾ ಅಕ್ಷಿಪಟಲದ್ದಿರಬಹುದು. ಆಗ ಹೋಗಬೇಕಾದದ್ದು ಕಣ್ಣಿನ ವೈದ್ಯರ ಹತ್ತಿರ, ಯಾವ ಸೈಟೂ ಅದನ್ನು ಸರಿಪಡಿಸುವುದಿಲ್ಲ.

ಕನ್ನಡಕದ ಮಾತು ಇಲ್ಲೇ ಮುಗಿಸಬೇಕು. ಮಣಿಗೆ 1.1 ಡಯಾಪ್ಟರ್, ದೂರದ ಗುರಿಗೆ ಸೊನ್ನೆ. ನಡುವಿನದು ಸುಮಾರು 0.5. ದೂರದ ನಂಬರಿಗೆ +0.50 ಸೇರಿಸಿ ಒಂದೇ ನಂಬರಿನ ಗಾಜು ಹಾಕಿಸಿದರೆ 1.3 ಮಿ.ಮೀ. ತೂತಿನ ಹಿಂದೆ ಮಣಿಯ ಮಸುಕು 0.8 ಮಿಲಿರೇಡಿಯನ್‌ಗೂ ಗುರಿಯದು 0.65ಕ್ಕೂ ಇಳಿಯುತ್ತದೆ. ಎರಡೂ ಸಮಸಮ, ಎರಡೂ ಸಹಿಸಬಹುದಾದಷ್ಟು. ಓದುವ ನಂಬರ್ ಕೆಳಗೆ ಇರುವ ಬೈಫೋಕಲ್, ಪ್ರೋಗ್ರೆಸಿವ್ ಗಾಜುಗಳು ಇಲ್ಲಿ ಬೇಡ. ಕೆನ್ನೆ ಮರಕ್ಕೆ ಒರಗಿದಾಗ ತಲೆ ಬಾಗಿ ನೋಟ ಹಾಯುವ ಜಾಗ ಬದಲಾಗುತ್ತದೆ, ಜೊತೆಗೆ ನಂಬರೂ. ಗಾಜು ಪಾಲಿಕಾರ್ಬೊನೇಟ್‌ನದೇ ಆಗಬೇಕು. ಒಡೆದ ಕೇಪಿನ ಚೂರು ಎತ್ತ ಹಾರುತ್ತದೆಂದು ಹೇಳಲಾಗದು.

ಸ್ಪರ್ಧೆಗೆ ಹೋಗುವವರು ನಿಯಮ ಪುಸ್ತಕವನ್ನೂ ಈಗಲೇ ಓದಿಕೊಳ್ಳಿ. ಮೂಲ ಮಾದರಿಯ ತೆರೆದ ಸೈಟ್ ಮಾತ್ರ ಎನ್ನುವ ವಿಭಾಗಗಳಿವೆ, ಅಲ್ಲಿ ಟ್ಯಾಂಗ್ ಪೀಪ್ ನಡೆಯದು. ಹಾಗೆಂದು ಪೀಪ್ ಈ ಕೋವಿಗಳಿಗೆ ಹೊರಗಿನದು ಎಂದುಕೊಳ್ಳಬೇಕಿಲ್ಲ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್ ಗುಂಡಿನ ಮೈದಾನದಲ್ಲಿ ಐರಿಷ್ ತಂಡ 800, 900, 1000 ಗಜಗಳಿಗೆ ಹೊಡೆದದ್ದು ಬಾಯಿಯಿಂದ ತುಂಬುವ ರಿಗ್ಬಿ ರೈಫಲ್‌ಗಳಿಂದ, ಪೀಪ್ ಸೈಟಿನ ಮೂಲಕವೇ. ಅಮೆರಿಕದ ತಂಡದ 934ಕ್ಕೆ ಎದುರಾಗಿ 931 ಅಂಕ ಗಳಿಸಿದ್ದರು.

ಜಾಗ: ಕಣ್ಣಿಗೆಷ್ಟು ಹತ್ತಿರ

ಹಳೆಯ ಸೀಳಿನ ಜಾಗದಲ್ಲೇ ಪೀಪ್ ಕೂರಿಸುವ ಆಸೆ ಸಹಜ, ಸೈಟ್ ಕೂರಲು ನಳಿಗೆಗೆ ಅಡ್ಡಲಾಗಿ ಕೊರೆದ ಡವ್‌ಟೇಲ್ ಗಾಡಿ ಸಿದ್ಧವಾಗಿಯೇ ಇರುತ್ತದಲ್ಲ. ಅದು ನಿಷ್ಪ್ರಯೋಜಕ. 430 ಮಿ.ಮೀ. ದೂರದ ಚಿಕ್ಕ ತೂತಿನಲ್ಲಿ ನೋಟದ ಹರವು ಉಳಿಯುವುದಿಲ್ಲ. ಹರವು ಸಿಗುವಷ್ಟು ದೊಡ್ಡದು ಮಾಡಿದರೆ ಪಾಪೆಗಿಂತ ದೊಡ್ಡದಾಗಿ ಮಸುಕು ಕಡಿಮೆ ಮಾಡುವ ಗುಣವೇ ಹೋಗುತ್ತದೆ.

ಜಾಗ ಟ್ಯಾಂಗಿನ ಮೇಲೆಯೇ. ರೈಫಲ್ ಹೆಗಲಿಗೆ ಕೊಟ್ಟು, ಕಣ್ಣು ಮುಚ್ಚಿ, ಕೆನ್ನೆಯನ್ನು ಸಹಜವಾಗಿ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಪಕ್ಕದಲ್ಲಿ ನಿಂತವರು ನಳಿಗೆಯ ಬುಡದಿಂದ ಕಣ್ಣಿನವರೆಗೆ ಅಳೆಯಲಿ. ಇಲ್ಲಿ 230 ಮಿ.ಮೀ. ಬಂತು. ಟ್ಯಾಂಗಿನ ಹಿಂಭಾಗಕ್ಕೆ ಪೀಪಿನ ಬೇಸ್ (ತಳದ ಪಟ್ಟಿ) ಇಟ್ಟು, ತೂತನ್ನು ಬುಡದಿಂದ 110 ಮಿ.ಮೀ. ಹಿಂದೆ ನಿಲ್ಲಿಸಿದರೆ ಕಣ್ಣಿಗೆ 120 ಮಿ.ಮೀ. ಉಳಿಯುತ್ತದೆ. ಕಣ್ಣಿಗೆ 80 ಮಿ.ಮೀ. ಹತ್ತಿರ ತಂದರೆ ನೋಟ ಇನ್ನೂ ಹರವಾಗುತ್ತದೆ, ಆದರೆ 60ಕ್ಕಿಂತ ಒಳಗೆ ಯಾವ ಕಾರಣಕ್ಕೂ ಬೇಡ. ಹಿನ್ನೆಗೆತಕ್ಕೆ ಲೋಹದ ಕಡ್ಡಿ ಹುಬ್ಬಿಗೆ ಬಡಿಯುತ್ತದೆ. ಮಲಗಿ ಹೊಡೆಯುವಾಗ ತಲೆ ಮುಂದೆ ಸರಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಅಳೆಯಿರಿ.

ಬೇಸನ್ನು ಎರಡು ಬದಿ ಅಂಟುವ ಟೇಪಿನಿಂದ ತಾತ್ಕಾಲಿಕವಾಗಿ ಕೂರಿಸಿ ಕುದುರೆಯನ್ನು ಪೂರ್ತಿ ಎಳೆದು ನೋಡಿ. ಕುದುರೆಯ ಮೊನೆ ಹಿಂದಕ್ಕೆ ಬಂದಾಗ ಸೈಟಿನ ಪಕ್ಕ ಹೆಬ್ಬೆರಳಿಗೆ ಜಾಗ ಬೇಕು. ಬೆರಳು ಸೈಟಿಗೆ ತಾಗಿ ಕುದುರೆ ಜಾರಿದರೆ ಗುಂಡು ಹಾರುತ್ತದೆ. ಇಲ್ಲಿ 9 ಮಿ.ಮೀ. ಸಿಕ್ಕಿತು, ಅದಕ್ಕಿಂತ ಕಡಿಮೆಯಾದರೆ ಬೇಸನ್ನು ಹಿಂದಕ್ಕೆ ಸರಿಸುವುದೇ ಸರಿ.

ಎತ್ತರದ ಲೆಕ್ಕ

ಎಲ್ಲ ಎತ್ತರವನ್ನೂ ನಳಿಗೆಯ ನಡುರೇಖೆಯಿಂದ ಅಳೆಯುವುದು ಒಳ್ಳೆಯದು, ಇಲ್ಲದಿದ್ದರೆ ತುದಿ ಸಪೂರವಾಗಿರುವ ನಳಿಗೆಗಳಲ್ಲಿ ಲೆಕ್ಕ ತಪ್ಪುತ್ತದೆ. ಈ ನಳಿಗೆಯ ಮೇಲ್ಮಟ್ಟ ನಡುರೇಖೆಯಿಂದ 11.9 ಮಿ.ಮೀ. ಪೀಪಿನ ತೂತು ಅತಿ ತಗ್ಗಿನಲ್ಲಿ ಮೇಲ್ಮಟ್ಟದಿಂದ 14 ಮಿ.ಮೀ. ಎತ್ತರ ನಿಲ್ಲುತ್ತಿತ್ತು. ಕೆಳಕ್ಕೂ ಸ್ವಲ್ಪ ಆಸ್ಪದ ಇರಲೆಂದು 16ರಲ್ಲಿ ಇಟ್ಟು ಲೆಕ್ಕ ಹಾಕಿದರೆ ನಡುರೇಖೆಯಿಂದ 27.9.

ದುಂಡು ಗುಂಡು ಬಾಯಿ ಬಿಡುವಾಗ ಸೆಕೆಂಡಿಗೆ 520 ಮೀಟರ್ ವೇಗದಲ್ಲಿದ್ದರೆ 50 ಮೀಟರ್ ತಲುಪುವಷ್ಟರಲ್ಲಿ ಸುಮಾರು 55 ಮಿ.ಮೀ. ಬೀಳುತ್ತದೆ. ಅದರ ಜೊತೆಗೆ ಗುರಿರೇಖೆಯ ಎತ್ತರ 28. ಒಟ್ಟು 83 ಮಿ.ಮೀ. ಮೇಲಕ್ಕೆ ಎತ್ತಬೇಕು. ಎರಡು ಸೈಟುಗಳ ನಡುವಿನ ಅಂತರ ಈಗ 800 ಮಿ.ಮೀ. ಹಾಗಾಗಿ 83ನ್ನು 800ರಿಂದ ಗುಣಿಸಿ 50,000ದಿಂದ ಭಾಗಿಸಿ: 1.3 ಮಿ.ಮೀ. ಪೀಪಿನ ನಡು ಮುಂದಿನ ಸೈಟಿನ ನೆತ್ತಿಗಿಂತ ಇಷ್ಟು ಎತ್ತರ ಇರಬೇಕು. ಅಂದರೆ ಮುಂದಿನ ನೆತ್ತಿ ನಡುರೇಖೆಯಿಂದ 26.6, ನಳಿಗೆಯ ಮೇಲ್ಮಟ್ಟದಿಂದ 14.7 ಮಿ.ಮೀ. ಹಳೆಯ ಮುಂದಿನ ಸೈಟ್ 8.5 ಮಾತ್ರ ಇತ್ತು. ಅದನ್ನೇ ಉಳಿಸಿಕೊಂಡು ಪೀಪ್ ಮಾತ್ರ ಹಾಕಿದ್ದರೆ ಗುಂಡು ಸುಮಾರು 390 ಮಿ.ಮೀ. ಮೇಲಕ್ಕೆ, ಹಲಗೆಯನ್ನೇ ದಾಟಿ ಹೋಗುತ್ತಿತ್ತು. ಪೀಪ್ ಕೊಂಡವರು "ಸೈಟ್ ಪೂರ್ತಿ ಇಳಿಸಿದರೂ ಮೇಲೇ ಬೀಳುತ್ತದೆ" ಎಂದು ಗೋಳಾಡುವುದರ ಮೂಲ ಇಷ್ಟೇ.

ಗುರಿರೇಖೆ ಹಳೆಯದಕ್ಕಿಂತ 7 ಮಿ.ಮೀ. ಮೇಲೆ ಹೋದದ್ದರಿಂದ ಕೆನ್ನೆಯೂ ಮೇಲೆ ಬರಬೇಕು. ಮರ ಕೆತ್ತುವುದೇನೂ ಬೇಡ, 6 ಮಿ.ಮೀ. ದಪ್ಪದ ಚರ್ಮದ ಪಟ್ಟಿಯನ್ನು ದಾರದಿಂದ ಬಿಗಿದು ಕಟ್ಟಿದರೆ ಸಾಕು. ಕೆನ್ನೆಗೆ ಆಸರೆ ಇಲ್ಲದೆ ಗಾಳಿಯಲ್ಲಿ ತೇಲುವ ತಲೆಗೆ ಯಾವ ಪೀಪೂ ಎರಡು ಸಲ ಒಂದೇ ಜಾಗದಲ್ಲಿ ಸಿಗದು.

ಟ್ಯಾಂಗ್ ಕೊರೆಯುವುದು

ಮೊದಲು ರೈಫಲ್ ಖಾಲಿ ಇದೆಯೇ ಎಂದು ಖಾತ್ರಿ. ಕೇಪು ತೆಗೆದದ್ದು ಸಾಲದು. ಗಜವನ್ನು, ಅಂದರೆ ಮದ್ದುಗುಂಡು ಒತ್ತುವ ಕೋಲನ್ನು, ಬಾಯಿಯಿಂದ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರಗೆಳೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ತುದಿ ನಿಪ್ಪಲ್ (ಕೇಪು ಕೂರುವ ಕೊಳವೆ) ಇರುವ ಜಾಗದವರೆಗೆ ಬರಬೇಕು. ಎರಡು ಮೂರು ಬೆರಳಷ್ಟು ಹಿಂದೆಯೇ ನಿಂತರೆ ಒಳಗೆ ಮದ್ದುಗುಂಡು ಕೂತಿದೆ. ಇದನ್ನು ನೋಡದೆ ವೈಸಿಗೆ ಹಾಕಬಾರದು, ಹತ್ತಿರ ಬೆಂಕಿಯಂತೂ ತರಲೇಬಾರದು.

ನಳಿಗೆ ಬಿಚ್ಚಿ, ಟ್ಯಾಂಗನ್ನೂ ಮರದಿಂದ ತೆಗೆಯಿರಿ. ಮರದ ಮೇಲೆ ಇಟ್ಟುಕೊಂಡೇ ಕೊರೆದರೆ ಡ್ರಿಲ್ ಕೆಳಗೆ ಹಾಯ್ದು ಟ್ರಿಗರ್ ಪೆಟ್ಟಿಗೆಯ ಜಾಗಕ್ಕೆ ಇಳಿಯುತ್ತದೆ. ಕೊರೆಯುವ ಜಾಗ ಟ್ಯಾಂಗ್ ಮಾತ್ರ. ನಳಿಗೆಯ ಗೋಡೆ ಇಲ್ಲಿ ಐದೂಕಾಲು ಮಿ.ಮೀ. ಚಿಲ್ಲರೆ, ಮದ್ದು ಉರಿಯುವ ಬುಡದ ಭಾಗದಲ್ಲಿ ಆ ಗೋಡೆಗೆ ಡ್ರಿಲ್ ತಾಗಿಸುವುದು ಅಪಾಯ. ಟ್ಯಾಂಗ್ ಒತ್ತಡ ಹೊರುವ ಭಾಗವಲ್ಲ, ಅಲ್ಲಿ ಕೊರೆಯಬಹುದು. ಕೆಲವು ತಯಾರಕರು ಟ್ಯಾಂಗಿಗೆ ತೂತು, ಥ್ರೆಡ್ ಹಾಕಿಯೇ ಕೊಡುತ್ತಾರೆ; ಲೈಮನ್‌ನ ಗ್ರೇಟ್ ಪ್ಲೇನ್ಸ್ ಹಾಗೆ ಬರುವ ರೈಫಲ್. ಅಂಥದ್ದಿದ್ದರೆ ಈ ಭಾಗವನ್ನೇ ಬಿಡಬಹುದು.

ಟ್ಯಾಂಗಿನ ದಪ್ಪ ಮುಂದೆ 6 ಮಿ.ಮೀ., ಬಾಲದ ಕಡೆ 3. ಮೂರು ಮಿ.ಮೀ.ಗೆ ಎಂ4, ಅಂದರೆ 4 ಮಿ.ಮೀ. ವ್ಯಾಸದ, ತಿರುಪು ಹಾಕಿದರೆ ನಾಲ್ಕು ಸುತ್ತು ಥ್ರೆಡ್ ಸಿಗುತ್ತದೆ. ಕೋವಿ ಕೆಲಸದ 6-48 ತಿರುಪು (6ನೇ ನಂಬರ್, ಅಂಗುಲಕ್ಕೆ 48 ಸುತ್ತು) ಹಾಕಿದರೆ ಐದೂವರೆ ದಾಟುತ್ತದೆ. ಸಣ್ಣ ಥ್ರೆಡ್ ಇಲ್ಲಿ ಗೆಲ್ಲುವುದು ಅದಕ್ಕೆ. 6-48ಕ್ಕೆ 31ನೇ ನಂಬರಿನ ಡ್ರಿಲ್, 3.05 ಮಿ.ಮೀ.; 8-40 ಆದರೆ 28ನೇ ನಂಬರ್, 3.57 ಮಿ.ಮೀ. ಎಂ4ಕ್ಕೆ 3.3.

ಟ್ಯಾಂಗಿನ ನಡುಗೆರೆ ಎಳೆಯುವಾಗ ಟ್ಯಾಂಗಿನ ಅಂಚುಗಳನ್ನು ನಂಬಬೇಡಿ, ಎರಕ ಒಂದು ಪಕ್ಕಕ್ಕೆ ಇರುವುದು ಸಾಮಾನ್ಯ. ನಳಿಗೆ ಜೋಡಿಸಿ, ಅದರ ಮೇಲ್ಮಟ್ಟದ ಎರಡು ಅಂಚುಗಳಿಂದ ನಡು ಹಿಡಿದು ಟ್ಯಾಂಗಿಗೆ ಎಳೆಯಿರಿ. ಸೆಂಟರ್ ಪಂಚ್, 2 ಮಿ.ಮೀ. ಪೈಲಟ್, ಆಮೇಲೆ ಪೂರ್ತಿ ಡ್ರಿಲ್, ಎಲ್ಲವೂ ಸ್ಟ್ಯಾಂಡಿನ ಮೇಲೆ. ಕೈಡ್ರಿಲ್‌ನಲ್ಲಿ ಇದು ಆಗದು. ಡ್ರಿಲ್ ಕಚ್ಚದೆ ಮೇಲೇ ಜಾರುತ್ತಿದ್ದರೆ ಟ್ಯಾಂಗಿನ ಮೇಲ್ಪದರ ಹದ ಹಾಕಿ ಗಟ್ಟಿ ಮಾಡಿದ್ದು. ಪುಟ್ಟ ಸಾಣೆಕಲ್ಲಿನಿಂದ ಆ ಚುಕ್ಕೆಯಷ್ಟೇ ಕಳೆದರೆ ಒಳಗೆ ಮೆದು ಉಕ್ಕು. ಟ್ಯಾಪಿಗೆ ಎಣ್ಣೆ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. 6-48ರ ಟ್ಯಾಪ್ ತೆಳು, ಬಾಗುವುದಿಲ್ಲ, ಮುರಿಯುತ್ತದೆ. ಬಿಗಿ ಅನ್ನಿಸಿದ ಕ್ಷಣ ಹೊರಗೆ ತೆಗೆದು ಚೂರು ಒರೆಸಬೇಕು.

ಟ್ಯಾಂಗ್ ಹಿಂದಕ್ಕೆ ಬಾಗಿ ಇಳಿಯುತ್ತದೆ, ಬೇಸಿನ ತಳ ಸಪಾಟು. ಎರಡನ್ನೂ ತಿರುಪಿನ ಬಲದಿಂದ ಸೇರಿಸಿದರೆ ಬೇಸೇ ಬಾಗುತ್ತದೆ. ಮುಂದಿನ ತಿರುಪನ್ನು ಮಾತ್ರ ಬಿಗಿದು ಹಿಂಬದಿ ಎಷ್ಟು ಎದ್ದಿದೆ ನೋಡಿ. 0.05 ಮಿ.ಮೀ. ಫೀಲರ್ ಗೇಜ್ ನುಗ್ಗಿದರೆ ಇನ್ನೂ ಅರ ಹಾಕಬೇಕು. ಬಣ್ಣ ಬಳಿದು, ಒತ್ತಿ, ಹತ್ತಿದ ಕಡೆ ಉಜ್ಜುತ್ತಾ ಹೋದರೆ ಕೂರುತ್ತದೆ. ಇದು ಇಡೀ ಕೆಲಸದಲ್ಲಿ ಅತಿ ನಿಧಾನದ ಭಾಗ.

ತಿರುಪಿನ ಉದ್ದ ಇನ್ನೊಂದು ಬಲೆ. ಟ್ಯಾಂಗಿನ ಕೆಳಗೆ ಒಂದು ಸುತ್ತು ಹೊರಬಂದರೂ ಅದು ಮರಕ್ಕೆ ಊರಿ ಟ್ಯಾಂಗನ್ನು ಎತ್ತುತ್ತದೆ, ಇಲ್ಲವೇ ಟ್ರಿಗರ್ ಕೊಂಡಿಗೆ ತಾಗುತ್ತದೆ. ಕೆಳಮಟ್ಟಕ್ಕಿಂತ ಅರ್ಧ ಮಿ.ಮೀ. ಒಳಗೇ ನಿಲ್ಲುವಂತೆ ಅರದಿಂದ ತೆಗೆಯಿರಿ. ಜೋಡಿಸಿದ ಮೇಲೆ ಖಾಲಿ ಕೋವಿಯ ಕುದುರೆಯನ್ನು ಅರ್ಧಕ್ಕೆ, ಪೂರ್ತಿಗೆ ಎಳೆದು, ಬೆರಳು ಹಿಡಿದು ನಿಧಾನ ಇಳಿಸಿ. ಅರ್ಧದಲ್ಲಿ ಗಟ್ಟಿಯಾಗಿ ನಿಲ್ಲಲೇಬೇಕು. ತಿರುಪಿಗೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಹಾಕಿದರೆ ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ಹುಕ್ ಸಡಿಲವಿದ್ದರೆ ಎಲ್ಲವೂ ವ್ಯರ್ಥ

ತೆರೆದ ಸೈಟುಗಳು ಎರಡೂ ನಳಿಗೆಯ ಮೇಲೇ ಇರುವುದರಿಂದ ಹುಕ್ ಅಲುಗಾಡಿದರೂ ಗುರಿ ತಪ್ಪುತ್ತಿರಲಿಲ್ಲ. ಪೀಪ್ ಟ್ಯಾಂಗಿನ ಮೇಲೆ ಹೋದ ಕೂಡಲೇ ಒಂದು ಸೈಟ್ ಮರಕ್ಕೆ, ಇನ್ನೊಂದು ನಳಿಗೆಗೆ ಸೇರಿದಂತಾಯಿತು. ನಡುವಿನ ಕೊಂಡಿಯಲ್ಲಿ 0.1 ಮಿ.ಮೀ. ಆಟವಿದ್ದರೆ 50 ಮೀಟರ್‌ನಲ್ಲಿ 6 ಮಿ.ಮೀ. ತೊಳೆಯಲು ನಳಿಗೆ ಬಿಚ್ಚಿ ಮತ್ತೆ ಹಾಕಿದಾಗಲೆಲ್ಲ ಹೊಸ ಜಾಗ.

ಪರೀಕ್ಷೆ ಹೀಗೆ: ಬೆಣೆ ಹೊಡೆದು ಜೋಡಿಸಿದ ರೈಫಲ್‌ನಲ್ಲಿ, ಟ್ಯಾಂಗಿಗೂ ನಳಿಗೆಯ ಬುಡಕ್ಕೂ ಸೇರುವ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಇಟ್ಟು ನಳಿಗೆಯ ಬಾಯನ್ನು ಮೇಲಕ್ಕೂ ಕೆಳಕ್ಕೂ ಒತ್ತಿ. ಉಗುರಿಗೆ ಅಲುಗಾಟ ಗೊತ್ತಾಗುವಷ್ಟಿದ್ದರೆ ಅದು ಹೆಚ್ಚೇ. ಡಯಲ್ ಗೇಜ್ ಇದ್ದರೆ 0.03ಕ್ಕಿಂತ ಕೆಳಗೆ ತರುವುದು ಗುರಿಯಾಗಿರಲಿ.

ಇದಕ್ಕೆ ಪರಿಹಾರ ಮೂರು. ಹುಕ್ಕಿನ ಹಿಂಮುಖಕ್ಕೆ 0.05 ಮಿ.ಮೀ. ಹಿತ್ತಾಳೆ ತಗಡನ್ನು ಎಪಾಕ್ಸಿಯಿಂದ ಅಂಟಿಸಿ ಆಟ ಕಳೆಯುವುದು. ಬೆಣೆಯನ್ನು ನಡುವಲ್ಲಿ ಕೂದಲೆಳೆಯಷ್ಟು ಬಾಗಿಸಿ ಬಿಗಿ ಹೆಚ್ಚಿಸುವುದು. ಟ್ಯಾಂಗಿನ ಕೆಳಗೆ ಮರದ ಹಾಸನ್ನು ಎಪಾಕ್ಸಿಯಿಂದ ತುಂಬಿಸುವುದು. ಇದರಲ್ಲಿ ಲೋಹಕ್ಕೆ ಮೊದಲು ಬೂಟ್ ಪಾಲಿಶ್‌ನ ಮೇಣ ದಪ್ಪಗೆ ಬಳಿದಿರಬೇಕು, ತಿರುಪಿನ ತೂತುಗಳಲ್ಲೂ. ಮರೆತರೆ ಟ್ಯಾಂಗ್ ಮರಕ್ಕೇ ಒಂದಾಗಿಬಿಡುತ್ತದೆ. ಬಾಲದ ಮರತಿರುಪು ಸಡಿಲವಾಗಿದ್ದರೆ ಗಟ್ಟಿ ಮರದ ಗೂಟ ಅಂಟಿಸಿ ಮತ್ತೆ ಕೊರೆಯಿರಿ.

ಹುಕ್ ಇಲ್ಲದ, ಬ್ರೀಚ್ ಪ್ಲಗ್ (ನಳಿಗೆಯ ಬುಡ ಮುಚ್ಚುವ ಬಿರಡೆ) ಮತ್ತು ಟ್ಯಾಂಗ್ ಒಂದೇ ತುಂಡಾಗಿರುವ ಉದ್ದ ರೈಫಲ್‌ಗಳಿಗೆ ಈ ತಲೆನೋವೇ ಇಲ್ಲ. ಪೀಪ್ ಕೂರಿಸಲು ಅವೇ ಅತ್ಯುತ್ತಮ.

ಮುಂದಿನ ಸೈಟ್ ಮತ್ತು ಬಿಲ್ಲೆಗಳು

ಹಳೆಯ ಮುಂದಿನ ಸೈಟನ್ನು ಎಡದಿಂದ ಬಲಕ್ಕೆ ಹಿತ್ತಾಳೆ ಪಂಚಿನಿಂದ ಹೊಡೆದು ತೆಗೆಯಿರಿ, ಹೊಸದನ್ನು ಬಲದಿಂದ ಎಡಕ್ಕೆ. ಹಿಂದಿನ ಡವ್‌ಟೇಲಿಗೆ ಸಪಾಟು ತುಂಡು ತುಂಬಿಸಿ. ಹಳೆಯ ಸೀಳನ್ನು ಬಿಟ್ಟರೆ ಪೀಪಿನ ತಳದಲ್ಲಿ ಕರಿ ನೆರಳಾಗಿ ಕಾಡುತ್ತದೆ.

ಹೊಸ ಸೈಟನ್ನು 16.5 ಮಿ.ಮೀ. ಎತ್ತರಕ್ಕೆ ಆರಿಸಿದರೆ ಅರ ಹಾಕಲು ಆಸ್ಪದವಿರುತ್ತದೆ. 1.6 ಮಿ.ಮೀ. ಅಗಲದ ನೆತ್ತಿ 50 ಮೀಟರ್‌ನಲ್ಲಿ 87 ಮಿ.ಮೀ. ಮುಚ್ಚುತ್ತದೆ. ಇದಕ್ಕಿಂತ ತೆಳುವಾದದ್ದು ವಯಸ್ಸಾದ ಕಣ್ಣಿಗೆ ಕರಗಿಹೋಗುತ್ತದೆ, 2 ಮಿ.ಮೀ.ವರೆಗೆ ದಪ್ಪ ಮಾಡಿದರೂ ನಷ್ಟವಿಲ್ಲ. ದುಂಡು ಹಿತ್ತಾಳೆ ಮಣಿಗಿಂತ ಸಪಾಟು ನೆತ್ತಿಯ ಕಂಬ ಮೇಲು. ಮಣಿಯ ಒಂದು ಕೆನ್ನೆಗೆ ಬಿಸಿಲು ಬಿದ್ದರೆ ಕಣ್ಣು ಆ ಹೊಳಪನ್ನೇ ನಡುವೆಂದು ನಂಬಿ, ಗುಂಡು ಎದುರು ಪಕ್ಕಕ್ಕೆ ಹೋಗುತ್ತದೆ. ಕಂಬದ ಹಿಂಮುಖಕ್ಕೆ ಕರ್ಪೂರದ ಮಸಿ ಹಿಡಿಸಿದರೆ ಹೊಳಪೆಲ್ಲ ಸಾಯುತ್ತದೆ, ಬಣ್ಣಕ್ಕಿಂತ ಕಪ್ಪು. ಮದ್ದಿನ ಡಬ್ಬಿ ತೆರೆಯುವ ಮೊದಲು, ಖಾಲಿ ಕೋವಿಗೆ, ದೂರದಲ್ಲಿ ಮಾಡಿ ಮುಗಿಸಬೇಕಾದ ಕೆಲಸ ಅದು.

ದುಂಡು ಕರಿಗುರಿಗೆ ಹೊಡೆಯುವವರು ಮುಂದೆ ಉಂಗುರ ಹಾಕಬಹುದು. 50 ಮೀಟರ್‌ನಲ್ಲಿ 150 ಮಿ.ಮೀ. ಕಪ್ಪು ಮುಂದಿನ ಸೈಟಿನ ಜಾಗದಲ್ಲಿ 2.8 ಮಿ.ಮೀ. ಕಾಣುತ್ತದೆ, ಅದರ ಒಂದೂವರೆ ಪಟ್ಟು, 4.1 ಮಿ.ಮೀ. ಒಳವ್ಯಾಸದ ಉಂಗುರ ಹಿತ. ಇಕ್ಕಟ್ಟಾದ ಉಂಗುರದಲ್ಲಿ ಕಪ್ಪು ಒಳಗೂ ಹೊರಗೂ ನುಸುಳಾಡಿ ಟ್ರಿಗರ್ ಒತ್ತಲು ಬಿಡುವುದಿಲ್ಲ.

ಪೀಪಿನ ಬಿಲ್ಲೆಗಳನ್ನು 2 ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಮಾಡಿಕೊಳ್ಳಬಹುದು, 12 ಮಿ.ಮೀ. ವ್ಯಾಸ. ನಡುವೆ ಕೊರೆದು ನಳಿಗೆಯ ಕಡೆಯಿಂದ ಬಾಣಲೆಯಂತೆ ತಗ್ಗು ತೆಗೆದು, ತೂತಿನ ಅಂಚು 0.3 ಮಿ.ಮೀ. ಮಾತ್ರ ಉಳಿಸಿ. ಅಂಚು ದಪ್ಪವಾದರೆ ತೂತಿನ ಒಳಗೋಡೆ ಮಿನುಗುತ್ತದೆ.

ಗುಂಡು ಹೊಡೆದು ಹೊಂದಿಸುವುದು

ಪೀಪನ್ನು 16ರ ಗುರುತಿಗೆ ನಿಲ್ಲಿಸಿ 25 ಮೀಟರ್‌ನಿಂದ ಶುರು. ಈ ವೇಗದ, ಈ ಎತ್ತರದ ಜೋಡಣೆಯಲ್ಲಿ ಗುಂಡು 25ರಲ್ಲೂ 50ರಲ್ಲೂ ಹೆಚ್ಚುಕಡಿಮೆ ಗುರಿರೇಖೆಯ ಮೇಲೇ ಇರುತ್ತದೆ, ಹಾಗಾಗಿ ಹತ್ತಿರದಲ್ಲಿ ಸರಿಯಾದದ್ದು ದೂರದಲ್ಲಿ ಬಹಳ ತಪ್ಪದು. ಮುಂದಿನ ಸೈಟ್ ಬೇಕೆಂದೇ 1.8 ಮಿ.ಮೀ. ಎತ್ತರ ಇರುವುದರಿಂದ ಮೊದಲ ಗುಂಡುಗಳು 25 ಮೀಟರ್‌ನಲ್ಲಿ ಸುಮಾರು 55 ಮಿ.ಮೀ. ಕೆಳಗೆ ಬೀಳುತ್ತವೆ. ಗಾಬರಿಯಾಗಬೇಡಿ, ಹಾಗೇ ಆಗಬೇಕು. ನೆತ್ತಿಯಿಂದ 0.1 ಮಿ.ಮೀ. ಅರ ಹಾಕಿದರೆ 50 ಮೀಟರ್‌ನಲ್ಲಿ ಗುಂಡು 6 ಮಿ.ಮೀ. ಏರುತ್ತದೆ. ಲೆಕ್ಕದ 14.7ಕ್ಕೆ 0.3 ಉಳಿದಿರುವಾಗ ಅರ ಕೆಳಗಿಡಿ, ಉಳಿದದ್ದನ್ನು ಪೀಪ್ ಏರಿಸಿ ಸರಿಪಡಿಸಬಹುದು. ತೆಗೆದ ಲೋಹ ಮರಳಿ ಬರುವುದಿಲ್ಲ.

ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತಲೇ ಸರಿಸಬೇಕು. ಮುಂದಿನದನ್ನು ಅದರ ಎದುರು ದಿಕ್ಕಿಗೆ. ಎಷ್ಟು ಎಂಬುದಕ್ಕೆ ಮೇಲಿನ ಸೂತ್ರವೇ: 50 ಮೀಟರ್‌ನಲ್ಲಿ 100 ಮಿ.ಮೀ. ಸರಿಯಬೇಕಾದರೆ ಸೈಟ್ 1.6 ಮಿ.ಮೀ. ಹಳೆಯ 490 ಮಿ.ಮೀ. ಅಂತರದಲ್ಲಿ ಒಂದು ಮಿ.ಮೀ. ಸಾಕಾಗುತ್ತಿತ್ತು. ಅಂತರ ಹೆಚ್ಚಾದಷ್ಟೂ ಕೈತಪ್ಪಿನ ಬೆಲೆ ಇಳಿಯುತ್ತದೆ, ಪೀಪಿನ ಮೂರನೆಯ ಲಾಭ ಇದು.

ಪ್ರತಿ ಗುಂಡಿನ ನಂತರ ಒಂದೇ ರೀತಿ ಒರೆಸಬೇಕು: ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ. ಒಂದು ಸಲ ಒರೆಸಿ ಒಂದು ಸಲ ಬಿಟ್ಟರೆ ಮಸಿಯ ದಪ್ಪದ ಏರುಪೇರೇ ಗುರಿ ಸರಿಸುತ್ತದೆ, ನೀವು ಸೈಟನ್ನು ಅಟ್ಟಿಸಿಕೊಂಡು ಹೋಗುತ್ತೀರಿ. ಒಂದು ಗುಂಡಿಗೆ ಸೈಟ್ ತಿರುಗಿಸಬೇಡಿ, ಐದರ ಗುಂಪಿನ ನಡುವನ್ನು ನೋಡಿ ತಿರುಗಿಸಿ.

ಪೀಪಿನ ಕಂಬ ನೆಟ್ಟಗಿದೆಯೇ ಎಂಬುದು ಎತ್ತರ ಬದಲಿಸುವಾಗ ಬಯಲಾಗುತ್ತದೆ. 2 ಡಿಗ್ರಿ ವಾಲಿದ್ದರೆ 5 ಮಿ.ಮೀ. ಏರಿಸಿದಾಗ ತೂತು 0.17 ಮಿ.ಮೀ. ಪಕ್ಕಕ್ಕೆ ಹೋಗಿ, 50 ಮೀಟರ್‌ನಲ್ಲಿ 11 ಮಿ.ಮೀ. ವ್ಯತ್ಯಾಸ. ಒಂದೇ ದೂರಕ್ಕೆ ಹೊಡೆಯುವವರಿಗೆ ಇದು ಬಾಧಿಸದು. 100 ಮೀಟರ್‌ಗೂ ಹೋಗುವವರು ಬೇಸಿನ ಒಂದು ಬದಿಗೆ ತೆಳು ತಗಡು ಕೊಟ್ಟು ನೆಟ್ಟಗೆ ಮಾಡಿಕೊಳ್ಳಬೇಕು.

ನೋಟದ ವಿಚಾರದಲ್ಲಿ ಒಂದೇ ಮಾತು: ಪೀಪಿನ ಅಂಚನ್ನು ನೋಡಲು ಹೋಗಬೇಡಿ. ಅದು ಮಸುಕಾಗಿಯೇ ಇರಲಿ. ಕಣ್ಣು ಮುಂದಿನ ಸೈಟಿನ ಕಂಬದ ನೆತ್ತಿಯ ಮೇಲೆ.

ಆಮೇಲೆ ಕೈಕೊಡುವವು

ಮಳೆಹನಿ ಒಂದು ಸಾಕು, 1.3 ಮಿ.ಮೀ. ತೂತು ಮುಚ್ಚಿಹೋಗುತ್ತದೆ. ಬಾಯಿಂದ ಊದಿದರೆ ತೆರೆಯುತ್ತದೆ. ಇಲ್ಲವೇ ಬಿಲ್ಲೆ ಬಿಚ್ಚಿ ಕೇವಲ ದೊಡ್ಡ ಉಂಗುರದಿಂದ ಹೊಡೆಯಬಹುದು. ಕಪ್ಪು ಮದ್ದಿನ ಶೇಷ ಗಾಳಿಯ ತೇವ ಹೀರಿ ಬೇಸಿನ ಅಡಿಯಲ್ಲೂ ತಿರುಪಿನ ತಲೆಯಲ್ಲೂ ತುಕ್ಕು ಹಿಡಿಸುತ್ತದೆ. ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯುವಾಗ ಟ್ಯಾಂಗ್ ಮರದಲ್ಲೇ ಒಣಗಿರುವುದು ಹುಕ್ಕಿನ ಒಂದು ಅನುಕೂಲ, ಆದರೂ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಎಣ್ಣೆ ಕೊಡಲೇಬೇಕು. ಬೇಸಿನ ಅಡಿಗೆ ಕೂರಿಸುವಾಗಲೇ ಗ್ರೀಸಿನ ತೆಳುಪದರ ಬಳಿದಿದ್ದರೆ ಅರ್ಧ ಚಿಂತೆ ಕಡಿಮೆ.

ಮರ ಹವೆಗೆ ಉಬ್ಬಿ ಕುಗ್ಗುತ್ತದೆ, ಟ್ಯಾಂಗಿನ ಬೋಲ್ಟ್ ಅದರ ಜೊತೆ ಸಡಿಲುತ್ತದೆ. ಬೋಲ್ಟಿನ ತಲೆಗೂ ಟ್ಯಾಂಗಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ, ಬೇಸಿನ ಎರಡು ತಿರುಪುಗಳಿಗೂ. ಗುಂಪು ಇದ್ದಕ್ಕಿದ್ದಂತೆ ಮೇಲೆ ಅಥವಾ ಕೆಳಗೆ ಹರಡಿದರೆ ಪೀಪಿನ ಗುಂಡಿ ತಿರುಗಿಸುವ ಮೊದಲು ಆ ಗೆರೆಗಳನ್ನು ನೋಡಿ, ನಂತರ ಬೆಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳಿಗೇ ಸರಿದರೆ ಬಿಗಿ ಸಾಲದು.